ಹದಿನೈದು ನಿಮಿಷದ ಭೇಟಿ

ಫೆಬ್ರವರಿ 2, ಭಾನುವಾರ

ಇವತ್ತಿಗೆ ಅರವತ್ತೇಳನೇ ದಿನ! ಮದುವೆಯಾದ ದಿನದಿಂದ ಒಂದೂ ತಪ್ಪದೆ ಎಣಿಸುತ್ತಿದ್ದೇನೆ. "ನೂರಾದ ಮ್ಯಾಲ ಏನ್ ಮಾಡ್ತಿ?" ಎಂದು ಬೆಳಗ್ಗೆ ಕ್ರಿಶ್ ಕೇಳಿದ. "ಮತ್ತೆ ಒಂದರಿಂದ ಶುರು ಮಾಡ್ತೀನಿ" ಅಂದೆ. ಹಲ್ಲುಜ್ಜುತ್ತಿದ್ದವನು ನಕ್ಕು ಕನ್ನಡಿಯ ತುಂಬ ನೊರೆ ಮಾಡಿದ. ಆ ಕನ್ನಡಿಯನ್ನು ಒರೆಸುವುದಕ್ಕೂ ನನಗೆ ಖುಷಿ! ಇಂಥ ಹುಚ್ಚಿ ಜಗತ್ತಿನಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಈ ದಪ್ಪ ಪುಸ್ತಕವನ್ನು ಕೊಟ್ಟವನೂ ಅವನೇ. ಇಂಗ್ಲಿಷ್ ಶಾಲೆಯ ಹುಡುಗಿ ಕನ್ನಡದಲ್ಲಿ ಒಂದು ಪುಟ ನೆಟ್ಟಗೆ ಬರೆಯಲಿ ನೋಡೋಣ ಎಂದು ಸವಾಲು. ಬರೆಯುತ್ತೇನೆ, ಆದರೆ ಅವನಿಗೆ ತೋರಿಸುವುದಿಲ್ಲ. ತೋರಿಸಿದರೆ ತಲೆ ತಿರುಗುತ್ತದೆ, ಎಲ್ಲ ಅವನ ಬಗ್ಗೆಯೇ ಇದೆ.

ಆಫೀಸಿನಲ್ಲಿ ಎಲ್ಲರಿಗೂ ಅವನು ಕ್ರಿಶ್. ನಾವಿಬ್ಬರೂ ಕೆಲಸ ಮಾಡುವ ಖರಾಡಿಯ ಆ ಗಾಜಿನ ಕಟ್ಟಡದ ಲಿಫ್ಟಿನಲ್ಲಿ ನನಗೂ ಸಿಕ್ಕಿದ್ದು ಕ್ರಿಶ್. ಆಧಾರ್ ಕಾರ್ಡಿನಲ್ಲಿ ಕೃಷ್ಣಾಜಿ, ತೀರಿಹೋದ ಅಜ್ಜನ ಹೆಸರು. ಈ ಮರಾಠಿ ಊರಿನ ಹಡಪಸರದ ಮನೆಗೆ ಬಂದ ಮೇಲೆ ನೋಡಿದರೆ ಅತ್ತೆಗೆ ಅವನು ಕೇದಾರ, ಸಿಟ್ಟು ಬಂದರೆ ಕೇದ್ಯಾ. ಒಂದೇ ಮಂಟಪದಲ್ಲಿ ಮೂವರು ಗಂಡಂದಿರು ಸಿಕ್ಕ ಹಾಗಾಯಿತು!

ನಿನ್ನೆ ಬಾಯಿತಪ್ಪಿ ಅಂದಿದ್ದೆ, ನಾನು ಹಸಿ ಅಂಜೂರ ತಿಂದೇ ಇಲ್ಲ, ಹಾಸನದಲ್ಲಿ ಡಬ್ಬಿಯಲ್ಲಿರುವ ಒಣಗಿದ್ದನ್ನೇ ತಿಂದು ಬೆಳೆದವಳು ಎಂದು. ಇವತ್ತು ಎದ್ದವನೇ ಬೈಕ್ ತೆಗೆದ. ಸಾಸವಡಕ್ಕೆ! ಅಲ್ಲಿ ತೋಟದಿಂದಲೇ ಕಿತ್ತು ಕೊಡುತ್ತಾರಂತೆ.

"ಅಂಜೂರ ಇಲ್ಲೇ ಗಾಡೀ ಮ್ಯಾಲ ಬರ್ತಾವಲ್ಲೋ" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು.

"ಗಾಡೀ ಮ್ಯಾಲಿನವು ನಿನಗ. ತ್ವಾಟದಾಗಿನವು ಈಕಿಗೆ."

"ಆಹಾ! ಎರಡು ತಿಂಗಳಾತು, ಅವ್ವಗ ಆಗಲೇ ಗಾಡೀ ಮ್ಯಾಲಿನ ಅಂಜೂರ ಬಂತು ನೋಡು."

ಅತ್ತೆಯ ಮಾತು ತಮಾಷೆಯೋ ಚುಚ್ಚೋ ನನಗೆ ಇನ್ನೂ ತಿಳಿಯುವುದಿಲ್ಲ. ಉತ್ತರದ ಕಡೆಯ ಅವರ ಕನ್ನಡವೇ ಅರ್ಧ ತಿಳಿಯುವುದಿಲ್ಲ! ಹನ್ನೊಂದು ಮುಕ್ಕಾಲಾಗುತ್ತಾ ಬಂತು. ಹೊಟ್ಟೆ ಚುರುಗುಟ್ಟುತ್ತಿದೆ. ಒಂದು ಫೋನ್ ಮಾಡಿ ಬೇಗ ಬಾ ಎಂದು ಗದರಿಸುತ್ತೇನೆ.

ಫೆಬ್ರವರಿ 5, ಬುಧವಾರ

ಎಲ್ಲಿಂದ ಬರೆಯಲಿ.

ಸಾಸವಡದ ದಾರಿಯ ದಿವೇ ಘಾಟಿನ ತಿರುವಿನಲ್ಲಿ ಮುಂದಿನ ಟೆಂಪೊ ತಟ್ಟನೆ ನಿಂತಿತಂತೆ. ಬೈಕ್ ಜಾರಿ ಕ್ರಿಶ್ ರಸ್ತೆಬದಿಯ ಗೋಡೆಗೆ ಬಡಿದ. ಹೆಲ್ಮೆಟ್ ಹತ್ತು ಮಾರು ದೂರ ಬಿದ್ದಿತ್ತು. ಅದರ ಪಟ್ಟಿ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ತಲೆಬುರುಡೆಯ ಒಳಗೆ ಹೆಪ್ಪುಗಟ್ಟಿದ ರಕ್ತವನ್ನು ಆ ದಿನವೇ ತೆಗೆದಿದ್ದಾರೆ. ಮಿದುಳು ಊದಿದೆ, ಊದಲು ಜಾಗ ಬೇಕೆಂದು ಬುರುಡೆಯ ಒಂದು ತುಂಡು ಮೂಳೆಯನ್ನೇ ಬಿಚ್ಚಿ ಬೇರೆ ಇಟ್ಟಿದ್ದಾರೆ. ಔಷಧಿ ಕೊಟ್ಟು ಮಲಗಿಸಿದ್ದಾರೆ. ಉಸಿರು ಯಂತ್ರದ್ದು.

ಇದನ್ನೆಲ್ಲ ಬರೆಯುತ್ತಿರುವವಳು ನಾನೇ ಎಂದು ನಂಬಿಕೆಯಾಗುತ್ತಿಲ್ಲ.

ಐಸಿಯುವಿಗೆ ದಿನಕ್ಕೆ ಎರಡು ಭೇಟಿ. ಬೆಳಗ್ಗೆ ಹನ್ನೊಂದು, ಸಂಜೆ ಐದು. ಹದಿನೈದು ನಿಮಿಷ, ಒಬ್ಬರೇ. ಬೆಳಗಿನದು ಅತ್ತೆಗೆ, ಸಂಜೆಯದು ನನಗೆ. "ಅತ್ತೆ, ಬೆಳಗಿನದೂ ನಂಗೇ ಕೊಡಿ, ಪ್ಲೀಸ್" ಎಂದೆ. ಅವರು ಸೆರಗು ಸರಿಮಾಡಿಕೊಂಡು, "ನಾನೂ ಹಡದೀನಲ್ಲವಾ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರ ಮೇಲೆ ಎಷ್ಟು ಕೋಪ ಬಂತೆಂದರೆ, ಗೋಡೆಗೆ ಹಣೆ ಒತ್ತಿ ನಿಂತೆ.

ನನ್ನ ಫೋನಿನಲ್ಲಿ ಹನ್ನೊಂದು ನಲವತ್ತೆರಡರ ಕರೆ ಇದೆ. ನಲವತ್ತು ಸೆಕೆಂಡು. ಅವನು ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ಮಾತಾಡಿದ್ದ. "ಬೇಗ ಬನ್ನಿ ಸರ್, ಹಸಿವು" ಅಂದಿದ್ದೆ. "ಹೊಂಟೆ ಹೊಂಟೆ" ಎಂದು ನಕ್ಕಿದ್ದ. ಅವಸರದಲ್ಲಿ ಪಟ್ಟಿ ಹಾಕಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ.

ಫೆಬ್ರವರಿ 7, ಶುಕ್ರವಾರ

ಮಾತಾಡಿಸಬೇಡಿ, ತಲೆಯೊಳಗಿನ ಒತ್ತಡ ಏರುತ್ತದೆ ಎಂದು ಮೊದಲ ದಿನವೇ ನಮ್ಮಿಬ್ಬರಿಗೂ ಹೇಳಿದ್ದಾರೆ. ನಾನು ಕೇಳಲಿಲ್ಲ. ಬಗ್ಗಿ ಕಿವಿಯಲ್ಲಿ "ಕ್ರಿಶ್" ಎಂದೆ. ಪರದೆಯ ಮೇಲಿನ ಅಂಕಿ ಏರಿತು! ಅವನು ಕೇಳಿಸಿಕೊಂಡ! ರಂಜನಾ ಸಿಸ್ಟರ್ ಓಡಿಬಂದು ಮರಾಠಿಯಲ್ಲಿ ಬೈದು ನನ್ನನ್ನು ಹೊರಗೆ ದಬ್ಬಿದರು. ಬೈಸಿಕೊಂಡರೂ ಸಂತೋಷವೇ.

ನಿದ್ದೆಯ ಔಷಧಿ ನೋಡಿಕೊಳ್ಳುವವರು ಡಾಕ್ಟರ್ ಮಂಜರಿ, ಅರಿವಳಿಕೆಯ ಡಾಕ್ಟರು, ಬೆಳಗಾವಿಯವರು. ಅವರನ್ನು ಓಣಿಯಲ್ಲಿ ಹಿಡಿದೆ.

"ಅವ್ರಿಗೆ ನನ್ನ ಮಾತು ಕೇಳಿಸ್ತಾ ಇದೆ ಅಲ್ವಾ ಡಾಕ್ಟರ್?"

"ಕಿವಿಗೆ ಕೇಳಸ್ತದ. ಕೇಳಿದ್ದು ಅವರಿಗೆ ಮುಟ್ಟಂಗಿಲ್ಲ."

"ಹಾಗಂದ್ರೆ?"

ಅವರು ಗೋಡೆಗೆ ಒರಗಿದರು. "ಲಾಕ್‌ಡೌನ್ ನೆನಪದ ಏನು? ಎಲ್ಲಾರೂ ಮನ್ಯಾಗ ಇದ್ರು. ದೀಪ ಹತ್ತತಿದ್ವು, ಕುಕ್ಕರ್ ಕೂಗತಿದ್ವು. ಆದರ ಒಂದು ಮನಿಯವರು ಇನ್ನೊಂದು ಮನಿಗೆ ಹೋಗತಿದ್ದಿಲ್ಲ. ಮನಿ ಎಲ್ಲಾ ಇದ್ವು, ಊರು ಇದ್ದಿಲ್ಲ. ನಮ್ಮ ಔಷಧಿ ಮಿದುಳಿಗೆ ಹಂಗ ಮಾಡ್ತದ. ಕೇಳೋ ಭಾಗ ಕೇಳ್ತದ, ಆದರ ಅದನ್ನ ಮುಂದ ಯಾರಿಗೂ ಹೇಳಂಗಿಲ್ಲ. ಎಲ್ಲಾ ಭಾಗ ಒಂದಕ್ಕೊಂದು ಮಾತಾಡಿದ್ರನ ಮನುಷ್ಯಾಗ ತಾನು ಅನ್ನೋದು ಇರ್ತದ."

"ಅಂದ್ರೆ ಔಷಧಿ ನಿಲ್ಲಿಸಿದ್ರೆ ಲಾಕ್‌ಡೌನ್ ತೆಗೆದ ಹಾಗೆ!"

"ಔಷಧಿಯ ಲಾಕ್‌ಡೌನ್ ನಾ ತಗೀಬಲ್ಲೆ. ಪೆಟ್ಟು ಬಿದ್ದು ಎಲ್ಲೆಲ್ಲೆ ರಸ್ತಾನ ಕಿತ್ತು ಹೋಗ್ಯಾವೋ, ಅದು ಈಗ ಹೇಳಲಿಕ್ಕೆ ಬರಂಗಿಲ್ಲ."

ಭಾನುವಾರ ನಿಲ್ಲಿಸುತ್ತಾರಂತೆ. ಇನ್ನು ಎರಡೇ ದಿನ! ಅವನು ಕಣ್ಣು ಬಿಟ್ಟಾಗ ಕಾಣಲಿ ಎಂದು ಆ ನವಿಲುನೀಲಿ ಸೀರೆಯನ್ನು ತೆಗೆದಿಟ್ಟಿದ್ದೇನೆ.

ಫೆಬ್ರವರಿ 10, ಸೋಮವಾರ

ನಿನ್ನೆ ಬೆಳಗ್ಗೆ ಒಂಬತ್ತಕ್ಕೆ ನಿಲ್ಲಿಸಿದರು. ನಾನು ನೀಲಿ ಸೀರೆ ಉಟ್ಟು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕುಳಿತಿದ್ದೆ. ಹತ್ತಾಯಿತು. ಮಧ್ಯಾಹ್ನವಾಯಿತು. ಸಂಜೆ ಐದಕ್ಕೆ ಒಳಗೆ ಹೋದಾಗ ರಂಜನಾ ಸಿಸ್ಟರ್ ಅವನ ಕಿವಿಯ ಬಳಿ ಕೂಗುತ್ತಿದ್ದರು. "ಕೃಷ್ಣಾಜಿ! ಡೋಳೆ ಉಘಡಾ!" ಕಣ್ಣು ಬಿಡಿ ಎಂದು. ಬಿಡಲಿಲ್ಲ. ಉಗುರಿನ ಮೇಲೆ ಪೆನ್ನು ಒತ್ತಿದರು. ಕೈ ಸ್ವಲ್ಪ ಹಿಂದಕ್ಕೆ ಹೋಯಿತು, ಮುಖ ಮಾತ್ರ ಹಾಗೆಯೇ ಇತ್ತು. ನೋವು ಕೈಗೆ ಆಗಿದೆ, ಅವನಿಗೆ ಆಗಿಲ್ಲ.

ಔಷಧಿ ದೇಹದಿಂದ ಇಳಿಯಲು ಹೊತ್ತು ಬೇಕು ಎಂದರು. ಇವತ್ತೂ ಅದೇ ಸೀರೆ ಉಟ್ಟೆ. ಇವತ್ತೂ ಇಲ್ಲ.

ಇದು ಸಿನಿಮಾ ಆಗಿದ್ದರೆ ಇಷ್ಟರಲ್ಲಿ ಬೆರಳು ಅಲ್ಲಾಡಬೇಕಿತ್ತು. ಬೆರಳು ಅಲ್ಲಾಡುತ್ತದೆ. ಕಾಲೂ ಅಲ್ಲಾಡುತ್ತದೆ. ಅದಕ್ಕೇನೂ ಅರ್ಥವಿಲ್ಲ ಎಂದು ಬರೆದುಕೊಂಡು ಹೋಗುತ್ತಾರೆ.

ಫೆಬ್ರವರಿ 12, ಬುಧವಾರ

ದೇವರೇ, ನನ್ನ ಎರಡು ಕಣ್ಣು ಬೇಕಾದರೆ ತೆಗೆದುಕೋ.

ಫೆಬ್ರವರಿ 14, ಶುಕ್ರವಾರ

ಇವತ್ತಿಗೆಂದು ಅವನು ಎಲ್ಲೋ ಮೇಜು ಕಾದಿರಿಸಿದ್ದನಂತೆ. ಹೋಟೆಲಿನಿಂದ ಫೋನ್ ಬಂತು. ಬರುವುದಿಲ್ಲ ಎಂದು ಹೇಳಿ ಇಟ್ಟೆ.

ಕತ್ತಿನಲ್ಲಿ ರಂಧ್ರ ಮಾಡಿ ಉಸಿರಿನ ಕೊಳವೆಯನ್ನು ಅಲ್ಲಿಗೆ ಬದಲಿಸಬೇಕು, ಬಾಯಿಯದು ಇನ್ನು ಬಹಳ ದಿನ ಇಡಲಾಗದು ಎಂದರು. ಒಪ್ಪಿಗೆಪತ್ರಕ್ಕೆ ಸಹಿ ಬೇಕು. ಹೆಂಡತಿಯೆಂಬುದಕ್ಕೆ ದಾಖಲೆ ಇದೆಯೇ ಎಂದು ಮೇಜಿನ ಹಿಂದಿನವನು ಕೇಳಿದ. ಮದುವೆಯ ನೋಂದಣಿ ಇನ್ನೂ ಆಗಿರಲಿಲ್ಲ. ಮುಂದಿನ ತಿಂಗಳು ಮಾಡಿಸೋಣ ಎಂದುಕೊಂಡಿದ್ದೆವು. ತಾಯಿ ಮಾಡಲಿ ಎಂದ. ಅತ್ತೆ ಪೆನ್ನು ಮುಟ್ಟಲಿಲ್ಲ. "ಫೋಟೋ ತೋರಸೂ ಏನು? ಅಕ್ಕಿಕಾಳು ಹಾಕಿದವರು ನಾನೂರು ಮಂದಿ ಇದ್ರು, ಕರಸೂ ಏನು? ಆಕೀನ ಮಾಡತಾಳ" ಎಂದರು. ಮೇಜಿನವನು ಕಾಗದವನ್ನು ನನ್ನ ಕಡೆ ತಳ್ಳಿದ.

ಸಹಿ ಮಾಡಿದೆ. ಕ್ಯಾಂಟೀನಿನಲ್ಲಿ ಚಹಾದ ಮುಂದೆ ಕೂತಾಗ ಎಲ್ಲ ಹೇಳಿಬಿಟ್ಟೆ. ಫೋನ್ ಮಾಡಿದ್ದು, ಹೆಲ್ಮೆಟ್ ತೆಗೆಸಿದ್ದು, ಬೇಗ ಬಾ ಎಂದದ್ದು.

ಅತ್ತೆ ಚಹಾ ಕುಡಿದು ಮುಗಿಸಿದರು.

"ನನಗ ಗೊತ್ತದ. ಅವನ ಫೋನು ಪೊಲೀಸರು ನನ್ನ ಕೈಯಾಗ ಕೊಟ್ಟಿದ್ರು. ನಿನ್ನ ಹೆಸರ ಎಲ್ಲಾಕ್ಕಿಂತ ಮ್ಯಾಲ ಇತ್ತು."

"ಮತ್ತೆ ಯಾಕೆ ಏನೂ ಅನ್ನಲಿಲ್ಲ ನೀವು?"

"ಏನನ್ನಲಿ? ನಾ ಬ್ಯಾಡ ಅಂದಾಗ ಅಂವಾ ನಿಂತನೇನು? ನಿನ್ನ ಫೋನು, ನನ್ನ ಬಾಯಿ, ಎರಡೂ ಅಷ್ಟ." ಬಿಸ್ಕೀಟನ್ನು ನನ್ನ ಕಡೆ ಸರಿಸಿದರು. "ತಿನ್ನು. ಮುಂಜಾನಿಂದ ಏನೂ ತಿಂದಿಲ್ಲ ನೀ."

ತಿಂದೆ. ರುಚಿ ತಿಳಿಯಲಿಲ್ಲ.

ಫೆಬ್ರವರಿ 18, ಮಂಗಳವಾರ

ಕಣ್ಣು ಬಿಟ್ಟ! ಕಣ್ಣು ಬಿಟ್ಟ, ಕಣ್ಣು ಬಿಟ್ಟ!

ಸಂಜೆ ಸೇರಿಸುತ್ತಿದ್ದೇನೆ. ಬಿಟ್ಟಿದ್ದಾನೆ, ಆದರೆ ನೋಡುತ್ತಿಲ್ಲ. ಅವನ ಮುಖದ ನೇರಕ್ಕೆ ನನ್ನ ಮುಖ ಹಿಡಿದೆ. ಕಣ್ಣು ನನ್ನನ್ನು ದಾಟಿ ಛಾವಣಿಯ ಮೇಲೆ ನಿಂತಿತ್ತು, ಯಾರೂ ಇಲ್ಲದ ಮನೆಯ ಕಿಟಕಿಯ ಹಾಗೆ. ರೆಪ್ಪೆ ಬಡಿಯುತ್ತದೆ, ಆಕಳಿಸುತ್ತಾನೆ, ನಿದ್ದೆ ಮಾಡುತ್ತಾನೆ, ಏಳುತ್ತಾನೆ.

"ಎಚ್ಚರ ಬ್ಯಾರೆ, ಅರಿವು ಬ್ಯಾರೆ" ಎಂದರು ಡಾಕ್ಟರ್ ಮಂಜರಿ. "ಎಚ್ಚರದ ಗುಂಡಿ ಮಿದುಳಿನ ಬುಡದಾಗ ಇರ್ತದ. ಅದು ಹತ್ತೇದ. ಉಳದದ್ದು ಇನ್ನೂ ಹತ್ತಿಲ್ಲ."

"ಹತ್ತತ್ತಾ?"

ಅವರು ಸುಳ್ಳು ಹೇಳುವುದಿಲ್ಲ. ಅದಕ್ಕೇ ಅವರನ್ನು ಕೇಳಬಾರದಿತ್ತು.

ಫೆಬ್ರವರಿ 20, ಗುರುವಾರ

ಹಾಸನದಿಂದ ಅಮ್ಮ ಬಂದಿದ್ದಾಳೆ. ನನ್ನನ್ನು ನೋಡಿ ಬಾಯಿಗೆ ಸೆರಗಿಟ್ಟು ಅತ್ತಳು. ಆಮೇಲೆ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂರಿಸಿಕೊಂಡು ಮೆಲ್ಲಗೆ, "ಹದಿನೈದು ದಿನ ಬಾ ಪುಟ್ಟಿ. ಮೈಕೈ ನೋಡ್ಕೋ ಹೇಗಾಗಿದೆ. ನಿಂಗಿನ್ನೂ ಇಪ್ಪತ್ತಾರು. ರಿಜಿಸ್ಟ್ರೇಷನ್ ಕೂಡ ಆಗಿಲ್ಲ" ಎಂದಳು.

"ಏನಮ್ಮಾ ಹಾಗಂದ್ರೆ?"

"ನಾನೇನೂ ಅಂದಿಲ್ಲ. ತಾಯಿ ಅಂತ ಹೇಳ್ದೆ."

ಅವಳ ಮೇಲೆ ಕೂಗಾಡಿದೆ. ಇಲ್ಲಿ ಮಾತ್ರ ನಿಜ ಬರೆಯುತ್ತೇನೆ. ಮಧ್ಯಾಹ್ನ ಒಂದು ಗಂಟೆ ಕಾಲ ಹೋಗಬೇಕು ಎನ್ನಿಸಿತ್ತು. ಹಾಸನದ ಬಸ್ಸಿನ ಟಿಕೆಟು ನೋಡಿದೆ. ಅದಕ್ಕಿಂತ ಕೆಟ್ಟದ್ದನ್ನೂ ಯೋಚಿಸಿದೆ. ಸತ್ತಿದ್ದರೆ ಅಳಬಹುದಿತ್ತು, ಅತ್ತು ಮುಗಿಯುತ್ತಿತ್ತು. ಇದು ಮುಗಿಯುವುದಿಲ್ಲ. ದಿನಾ ಐದು ಗಂಟೆಗೆ ಬದುಕಿರುವ ಗಂಡನ ಕೆನ್ನೆ ಮುಟ್ಟಿ, ಇವನು ಎಲ್ಲಿ ಎಂದು ಹುಡುಕಬೇಕು.

ಅಮ್ಮನ ಮಾತು ಅತ್ತೆಗೆ ಹೇಗೋ ತಿಳಿದಿದೆ. ಆಟೋದಲ್ಲಿ ಮನೆಗೆ ಬರುವಾಗ, "ನಿಮ್ಮವ್ವ ಸರೋಜಮ್ಮ ಹೇಳೋದು ಖರೇ ಅದ. ಹೋಗೋದಿದ್ರ ಹೋಗಿ ಬಾ. ನಾ ಏನೂ ಅನ್ಕೊಳ್ಳಂಗಿಲ್ಲ" ಎಂದರು.

ಅವನ ಮೊಣಕೈ ಬಿಗಿಯುತ್ತಿದೆ, ದಿನಕ್ಕೆ ಐವತ್ತು ಸಲ ಮಡಚಿ ಬಿಡಿಸಬೇಕು ಎಂದು ಹೇಳಿದ್ದಾರೆ. ನನ್ನ ಹದಿನೈದು ನಿಮಿಷದಲ್ಲಿ ಮೂವತ್ತೇ ಆಗುತ್ತದೆ. ಅತ್ತೆ ಇಪ್ಪತ್ತು ಮಾಡಬೇಕು, ಅವರಿಗೆ ಕಲಿಸಬೇಕು.

ಫೆಬ್ರವರಿ 22, ಶನಿವಾರ

ಅಮ್ಮ ಬೆಳಗಿನ ಬಸ್ಸಿಗೆ ಹೋದಳು.

ಹನ್ನೊಂದೂವರೆಗೆ ರಂಜನಾ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ದೂರಿದರು. ನಿಮ್ಮ ಅತ್ತೆ ಇಷ್ಟು ದಿನದಿಂದ ಬರುತ್ತಾರೆ, ಮಗನ ಪಕ್ಕ ಗೊಂಬೆಯಂತೆ ನಿಲ್ಲುತ್ತಾರೆ, ಒಂದು ಮಾತಿಲ್ಲ. ಹೆಸರು ಹಿಡಿದು ಕರೆಯಿರಿ ಎಂದರೆ ತಲೆ ಅಲ್ಲಾಡಿಸುತ್ತಾರೆ, ಇಂಥ ತಾಯಿಯನ್ನು ನೋಡಿಲ್ಲ ಎಂದು.

ನನಗೆ ತಲೆಗೆ ರಕ್ತ ಏರಿತು. ನನಗೆ ಸಿಗದ ಬೆಳಗಿನ ಹದಿನೈದು ನಿಮಿಷ! ನೀರಿನ ಫಿಲ್ಟರಿನ ಬಳಿ ಬಾಟಲಿ ತುಂಬಿಸುತ್ತಿದ್ದವರನ್ನು ಎಲ್ಲರೆದುರು ಕೇಳಿದೆ.

"ಅತ್ತಿ, ಅವರನ್ನ ಯಾಕ ಮಾತಾಡ್ಸಂಗಿಲ್ಲ ನೀವು?"

"ಮಾತಾಡಸಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರಲ್ಲ."

"ಯಾವಾಗ?"

"ಮೊದಲನೇ ದಿನ. ಒತ್ತಡ ಏರ್ತದ ಅಂತ."

ಬಾಟಲಿ ತುಂಬಿ ನೀರು ಅವರ ಕೈ ಮೇಲೆ ಹರಿಯುತ್ತಿತ್ತು. ಒತ್ತಡ ಇಳಿದು ಎರಡು ವಾರವಾಗಿದೆ. ಆ ನಿಯಮ ಎಂದೋ ಹೋಗಿದೆ. ಅವರಿಗೆ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ. ನಾನು ಮೊದಲ ವಾರವೇ ಮುರಿದ ನಿಯಮವನ್ನು ಇವರು ಬಾಯಿ ಕಟ್ಟಿಕೊಂಡು ಪಾಲಿಸಿದ್ದಾರೆ.

"ಮತ್ತ ಸಿಸ್ಟರ್ ಹೆಸರು ಹಿಡದು ಕರೀರಿ ಅಂದ್ರಂತ?"

"ಆ ಬೋರ್ಡಿನ ಮ್ಯಾಲ ಬರದ ಹೆಸರ ನಾ ಹೆಂಗ ತೊಗೊಳ್ಳಲಿ? ಅದು ನಮ್ಮ ಮಾವನವರದು. ಅದಕ್ಕ ಅಲ್ಲೇನು ಇವಗ ನಾ ಬ್ಯಾರೆ ಹೆಸರ ಇಟ್ಕೊಂಡಿದ್ದು?"

ಅಲ್ಲಿಗೆ ನನಗೆ ಹೊಳೆಯಿತು. ಆಸ್ಪತ್ರೆಯವರು ಕೃಷ್ಣಾಜಿ ಎಂದು ಕೂಗುತ್ತಿದ್ದಾರೆ. ನಾನು ಕ್ರಿಶ್ ಎನ್ನುತ್ತೇನೆ. ಹುಟ್ಟಿದಂದಿನಿಂದ ಮೂವತ್ತು ವರ್ಷ ಅವನನ್ನು ಎಬ್ಬಿಸಿದ ಹೆಸರನ್ನು ಇಪ್ಪತ್ತು ದಿನದಲ್ಲಿ ಒಬ್ಬರೂ ಉಚ್ಚರಿಸಿಲ್ಲ.

ಡಾಕ್ಟರ್ ಮಂಜರಿ ಕೇಳಿ ಹಣೆಗೆ ಕೈಯಿಟ್ಟರು. ನಮ್ಮಿಬ್ಬರನ್ನೂ ಒಟ್ಟಿಗೆ ಒಳಗೆ ಕರೆದುಕೊಂಡು ಹೋಗಿ, ಹಾಸಿಗೆಯ ಮೇಲಿನ ಫಲಕದಲ್ಲಿ ಕೃಷ್ಣಾಜಿಯ ಪಕ್ಕಕ್ಕೆ ಕೇದಾರ ಎಂದು ಬರೆದರು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ, ಅಡುಗೆಮನೆಯಿಂದ ಕೂಗುವ ಹಾಗೆಯೇ, "ಕೇದ್ಯಾ! ಏಳೋ! ಎಷ್ಟೊತ್ತು ಮಲಗತಿ?"

ಛಾವಣಿಯಲ್ಲಿದ್ದ ಕಣ್ಣು ಇಳಿಯಿತು. ನಿಧಾನವಾಗಿ, ಎಡವಿ ಎಡವಿ, ಅತ್ತೆಯ ಕಡೆ ಬಂತು. ಎರಡು ಕ್ಷಣ ನಿಂತು ಮತ್ತೆ ಹೋಯಿತು.

ಅತ್ತೆಯನ್ನು ಈ ಬದಿ ಆ ಬದಿ ನಿಲ್ಲಿಸಿ ಐದು ಸಲ ಕರೆಸಿದರು. ಮೂರು ಸಲ ಕಣ್ಣು ಬಂತು. ಕ್ರಿಶ್ ಎಂದು ನಾನೂ ಐದು ಸಲ ಕರೆಯುತ್ತೇನೆ ಎಂದೆ. ಕರೆದೆ. ಒಂದು ಸಲವೂ ಬರಲಿಲ್ಲ.

ಹೋಗಲಿ. ಬಂತಲ್ಲ.

ಫೆಬ್ರವರಿ 25, ಮಂಗಳವಾರ

ಬೆಳಗಿನ ಭೇಟಿ ಮುಗಿಸಿ ಅತ್ತೆ ಓಡುತ್ತಾ ಬಂದರು. ಓಡುವುದನ್ನು ನಾನು ನೋಡಿದ್ದು ಇದೇ ಮೊದಲು. "ಕೈ ಹಿಡದಾನ! ಬೆರಳ ಇಟ್ಟ ಕೂಡಲೇ ಗಟ್ಟಿ ಹಿಡದಾ, ಬಿಡವಲ್ಲ ಅಂತೀನಿ!"

ಸಂಜೆ ನಾನೂ ಬೆರಳು ಇಟ್ಟೆ. ಹಿಡಿದ. ಎಷ್ಟು ಗಟ್ಟಿ! ಹದಿನೈದು ನಿಮಿಷವೂ ಅಳುತ್ತಲೇ ಇದ್ದೆ, ಮೊಣಕೈ ಮಡಚುವುದೂ ಮರೆತೆ. ಡಾಕ್ಟರ್ ಮಂಜರಿ ನನ್ನ ಬೆರಳನ್ನು ಮೆಲ್ಲಗೆ ಬಿಡಿಸಿ, ಆ ಅಂಗೈಯಲ್ಲಿ ತಮ್ಮ ಪೆನ್ನು ಇಟ್ಟರು. ಪೆನ್ನನ್ನೂ ಹಿಡಿದ. ಅಷ್ಟೇ ಗಟ್ಟಿಯಾಗಿ.

"ಹುಟ್ಟಿದ ಕೂಸಿನ ಕೈ ನೋಡೀರಲ್ಲ, ಏನ ಇಟ್ರೂ ಮುಚ್ಚತದ. ದೊಡ್ಡವರಾದ ಮ್ಯಾಲ ಮಿದುಳಿನ ಮುಂದಿನ ಭಾಗ ಅದನ್ನ ತಡದು ಹಿಡೀತದ. ಇವರದು ಈಗ ತಡೀವಲ್ಲದು. ಇದು ಅವರು ಹಿಡಿಯೋದಲ್ಲ, ಕೈ ಹಿಡಿಯೋದು."

ಪೆನ್ನನ್ನು ಬಿಡಿಸಿಕೊಂಡು, "ನಿಮ್ಮ ಅತ್ತಿಯವರಿಗೆ ನಾ ಹೇಳಲೇನು?" ಎಂದು ಕೇಳಿದರು.

"ಬ್ಯಾಡ್ರಿ" ಎಂದೆ.

ಹೊರಗೆ ಅತ್ತೆ ಪೇಡೆಯ ಡಬ್ಬಿ ಹಿಡಿದು ಕುರ್ಚಿ ಕುರ್ಚಿಗೆ ಹೋಗಿ ಹಂಚುತ್ತಿದ್ದರು. ನನ್ನ ಬಾಯಿಗೆ ಅವರೇ ಹಾಕಿದರು. ನುಂಗಿದೆ.

ಫೆಬ್ರವರಿ 27, ಗುರುವಾರ

ಬೆಳಗ್ಗೆ ಅತ್ತೆ ಹೊರಬಂದಾಗ ಮುಖದಲ್ಲಿ ಜೀವವಿರಲಿಲ್ಲ. "ಹಿಡೀಲಿಲ್ಲ. ಎಷ್ಟು ಸಲ ಬೆರಳ ಇಟ್ಟೆ. ಬಿಟ್ಟಬಿಟ್ಟಾ ನನ್ನ." ತಂದ ಅವಲಕ್ಕಿಯ ಡಬ್ಬಿ ತೆರೆಯಲೇ ಇಲ್ಲ.

ನಾನು ಡಾಕ್ಟರ್ ಮಂಜರಿಯ ಬಳಿಗೆ ಓಡಿದೆ. ಅವರು ಒಳಗೆ ಹೋಗಿ ಪೆನ್ನು ಇಟ್ಟು ನೋಡಿ ಬಂದರು. ಮೊದಲ ಸಲ ಅವರ ಹಲ್ಲು ಕಂಡಿತು.

"ಅಳೂ ಹಂಥಾದ್ದಲ್ಲ ಇದು. ಮುಂದಿನ ಭಾಗ ಕೆಲಸಕ್ಕ ಹತ್ತಿರಬೇಕು. ಇನ್ನ ಮ್ಯಾಲ ಕೈ ತಾನ ಮುಚ್ಚಂಗಿಲ್ಲ. ಮುಚ್ಚಿದ್ರ ಅವರ ಮುಚ್ಚಬೇಕು. ಹಿಡೀರಿ ಅಂತ ಹೇಳಿ ಹತ್ತು ಎಣಸ್ರಿ, ಪೆಟ್ಟು ತಿಂದ ಮಿದುಳಿಗೆ ಹೊತ್ತು ಹಿಡೀತದ. ಹಿಡದ್ರ ನಾ ಅರ್ಧ ನಂಬತೀನಿ. ಬಿಡ್ರಿ ಅಂದಾಗ ಬಿಟ್ರ ಪೂರಾ ನಂಬತೀನಿ."

"ಬಿಡೋದಕ್ಕ ಯಾಕ್ರಿ ಅಷ್ಟು?"

"ಹಿಡಿಯೋದು ಅಕಸ್ಮಾತ್ ಆಗಬಹುದು. ಹಿಡದದ್ದನ್ನ ಹೇಳಿದಾಗ ಬಿಡಬೇಕಂದ್ರ ಒಳಗ ಯಾರರೆ ಇರಬೇಕು."

ಇನ್ನು ಅತ್ತೆಗೆ ಹೇಳದೆ ದಾರಿಯಿರಲಿಲ್ಲ. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಕೂಸಿನ ಕೈ, ಪೆನ್ನು. ಅವರು ನನ್ನ ಕಡೆ ತಿರುಗಿದರು.

"ಪೇಡೆ ತಿಂದಿ ನೀ."

"ತಿಂದೆ."

"ಗೊತ್ತಿದ್ದೂ?"

"ಗೊತ್ತಿದ್ದೂ."

"ಛಲೋ ಸೊಸಿ ಸಿಕ್ಕಿ ನನಗ" ಎಂದು ಅವಲಕ್ಕಿಯ ಡಬ್ಬಿ ತೆರೆದು, ಮುಚ್ಚಳದಲ್ಲಿ ನನ್ನ ಪಾಲು ಹಾಕಿದರು.

ಫೆಬ್ರವರಿ 28, ಶುಕ್ರವಾರ

ಹಿಡೀರಿ ಎಂದು ಹೇಳಿ ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಹದಿನೈದು ನಿಮಿಷ ಪೂರ್ತಿ ಎಣಿಸಿದೆ. ಇಲ್ಲ.

ಮಾರ್ಚ್ 1, ಶನಿವಾರ

ಇಲ್ಲ.

ನಾಲ್ಕು ವಾರವಾಗುತ್ತಾ ಬಂತು, ಇನ್ನು ವಾರ್ಡಿಗೆ ಹಾಕಿ ಆಮೇಲೆ ಮನೆಗೆ ಕಳಿಸುತ್ತೇವೆ, ಕತ್ತಿನ ಕೊಳವೆ ಶುಚಿ ಮಾಡುವುದನ್ನು ಕಲಿತುಕೊಳ್ಳಿ ಎಂದು ದೊಡ್ಡ ಡಾಕ್ಟರು ಹೇಳಿದರು. ಹೀಗೆಯೇ ಕಳಿಸುತ್ತೀರಾ ಎಂದು ಕೇಳಿದೆ. ಹೀಗೆಯೇ ಎಂದರು. ಕಲಿತೆ. ಎಷ್ಟು ವರ್ಷ ಹೀಗೆ ಎಂದು ಕೇಳಲು ಹೋಗಿ ಕೇಳಲಿಲ್ಲ.

ಮಾರ್ಚ್ 2, ರವಿವಾರ

ಬೆಳಗಿನ ಭೇಟಿಗೆ ಅತ್ತೆ ಏಳಲಿಲ್ಲ. "ಇವತ್ತ ನೀ ಹೋಗು. ನನಗ ಧೈರ್ಯ ಇಲ್ಲ" ಎಂದರು.

"ನಿಮ್ಮ ಪಾಳಿ ಅದ ಅತ್ತಿ. ನೀವ ಹೋಗ್ರಿ. ನಿಮ್ಮ ದನಿಗೆ ಕಣ್ಣು ಬರ್ತಾವ."

"ಕಣ್ಣು ಬಂದು ಹೋಗತಾವ. ಅದನ್ನ ಇವತ್ತ ನೋಡಲಾರೆ. ಹೋಗವಾ."

ಹೋದೆ. ಫಿಸಿಯೋದವರು ಅವನನ್ನು ದಿಂಬುಗಳ ನಡುವೆ ಕೂರಿಸಿದ್ದರು. ಒಂದು ಕಡೆ ತಲೆ ತಗ್ಗಾಗಿದೆ, ಮೂಳೆ ಇಲ್ಲದ ಕಡೆ. ಅದಕ್ಕೆ ಈಗ ಹೆದರಿಕೆಯಾಗುವುದಿಲ್ಲ. ಬಾಯಿ ಒರೆಸಿದೆ, ಉಗುರು ಕತ್ತರಿಸಿದೆ, ಮೊಣಕೈ ಹತ್ತು ಸಲ ಮಾಡಿದೆ. ಐದೇ ನಿಮಿಷ ಉಳಿದಿತ್ತು. ರಂಜನಾ ಸಿಸ್ಟರ್ ಗಡಿಯಾರ ನೋಡುತ್ತಾ ಪಕ್ಕದಲ್ಲಿ ನಿಂತರು. ಅವನ ಅಂಗೈಯಲ್ಲಿ ಎರಡು ಬೆರಳು ಇಟ್ಟೆ.

"ಕೇದಾರ, ನನ್ನ ಕೈ ಹಿಡೀರಿ."

ಒಂದು, ಎರಡು, ಮೂರು. ಅಂಗೈ ಬೆಚ್ಚಗಿತ್ತು. ಐದು, ಆರು. ನಾನಾಗಲೇ ಬೆರಳು ತೆಗೆಯಲು ಹೊರಟಿದ್ದೆ. ಎಂಟಕ್ಕೆ ಅವನ ಹೆಬ್ಬೆರಳು ಬಂತು, ಹಿಂದೆ ಉಳಿದವು. ಮೊನ್ನೆಯ ಹಾಗೆ ಗಟ್ಟಿಯಲ್ಲ, ದುರ್ಬಲ ಹಿಡಿತ. ನೂಲು ಹಿಡಿದ ಹಾಗೆ.

ಈಗ ಬಿಡಿ ಎನ್ನಬೇಕು. ಬಿಡದೆ ಇದ್ದರೆ ಇದೂ ಅಕಸ್ಮಾತ್ ಆಗುತ್ತದೆ. ಕೇಳದೆ ಇದ್ದರೆ ಇಷ್ಟಾದರೂ ನನ್ನದಾಗಿ ಉಳಿಯುತ್ತದೆ. ಸಿಸ್ಟರ್ ನನ್ನ ಭುಜ ತಟ್ಟಿದರು.

"ಕೇದಾರ, ಬಿಡ್ರಿ. ಕೈ ಬಿಡ್ರಿ."

ಒಂದು. ಎರಡು. ಅವನ ಹಣೆಯಲ್ಲಿ ಒಂದು ಸಣ್ಣ ಗೆರೆ ಮೂಡಿತು, ಕಷ್ಟದ ಲೆಕ್ಕ ಮಾಡುವವರ ಹಾಗೆ. ಏಳಕ್ಕೆ ಹೆಬ್ಬೆರಳು ಸರಿಯಿತು. ಆಮೇಲೆ ತೋರುಬೆರಳು. ಆಮೇಲೆ ಒಂದೊಂದೇ. ಕಿರುಬೆರಳು ಕೊನೆಗೆ ಬಿಟ್ಟಿತು.

ಇನ್ನೊಂದು ಸಲ ಮಾಡಿಸಿದೆ. ಹಿಡಿದ, ಬಿಟ್ಟ. ಮೂರನೆಯದಕ್ಕೆ ದಣಿದು ಕಣ್ಣು ಮುಚ್ಚಿದ. ಸಿಸ್ಟರ್ ಹಾಳೆಯಲ್ಲಿ ಮೂರಕ್ಕೆ ಎರಡು ಎಂದು ಬರೆದು, ಡಾಕ್ಟರ್ ಮಂಜರಿಗೆ ಫೋನ್ ಮಾಡಲು ಓಡಿದರು.

ನಾನು ಹೊರಗೆ ಬಂದೆ. ನನ್ನ ಮುಖ ಹೇಗಿತ್ತೋ. ಅತ್ತೆ ನೋಡಿದವರೇ, ಕುರ್ಚಿಯಿಂದ ಎದ್ದು ಹಾಗೆಯೇ ನೆಲಕ್ಕೆ ಕುಸಿದರು. "ಹೋದನೇನ?" ಎಂದರು. ಇಲ್ಲ ಎನ್ನಲು ಬಾಯಿ ತೆರೆದರೆ ಅಳುವೇ ಬರುತ್ತಿತ್ತು. ಅವರ ಪಕ್ಕ ನೆಲದ ಮೇಲೆ ಕುಳಿತು, ಅವರ ಅಂಗೈ ಬಿಡಿಸಿ ನನ್ನ ಎರಡು ಬೆರಳು ಇಟ್ಟೆ.

"ಹಿಡೀರಿ ಅತ್ತಿ."

ಏನೂ ತಿಳಿಯದೆ ಹಿಡಿದರು.

"ಈಗ ಬಿಡ್ರಿ."

ನನ್ನ ಮುಖವನ್ನೇ ನೋಡುತ್ತಿದ್ದರು.

"ಖರೇನ?"

"ಖರೇ ಅದ ರೀ. ಎರಡು ಸಲ. ಹಿಂಗ, ಒಂದೊಂದ ಬೆರಳ. ಬಿಡ್ರಿ, ತೋರಸ್ತೀನಿ."

ಅತ್ತೆ ಬಿಡಲಿಲ್ಲ. ಅಷ್ಟರಲ್ಲಿ ರಂಜನಾ ಸಿಸ್ಟರ್ ಬಾಗಿಲಿಂದ ಕೈ ಮಾಡಿ, ತಾಯಿಯೂ ಒಂದು ನಿಮಿಷ ಬಂದು ಹೋಗಲಿ ಎಂದು ಕರೆದರು. ಅತ್ತೆ ಎದ್ದು ನಡೆದರು. ಒಬ್ಬರೇ, ಒಬ್ಬರೇ ಎಂದು ಕಾವಲಿನವನು ಅಡ್ಡ ಬಂದು ನಿಂತ. ನಾನೇನು ಮಾಡಲಿ, ನನ್ನ ಎರಡು ಬೆರಳು ಇನ್ನೂ ಅವರ ಮುಷ್ಟಿಯಲ್ಲೇ ಇದ್ದವು.